ಯಾರಿಗೂ ತೋರಿಸದ ಬಲಗೈ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ವರ್ಲೀನ್ ಟಾಲಿವರ್ ಹಿತ್ತಿಲ ಜಗಲಿಯಲ್ಲಿ ಕೂತು ಒಬ್ಬ ಮನುಷ್ಯನ ಎಡಗೈಯನ್ನು ಬ್ಲೇಡಿನಿಂದ ಕೆರೆದು ತೆಗೆಯುತ್ತಿದ್ದಾರೆ. ಮೊದಲು ಬೆರಳುಗಳು, ಆಮೇಲೆ ಮಣಿಕಟ್ಟು, ಆಮೇಲೆ ತೋಳು. ಒಣಗಿದ ಬಣ್ಣ ಪುಡಿಯಾಗಿ ಮಡಿಲಿಗೆ ಉದುರುತ್ತಿದೆ. ವಾರಗಟ್ಟಲೆ ಕೂತು ಬರೆದ ಕೈ ಅದು, ನರಗಳು ಕೂಡ ಕಾಣುವಂತೆ ಬಂದಿತ್ತು. ಇದ್ದ ತಪ್ಪು ಒಂದೇ: ಆ ಮನುಷ್ಯ ಚೆಂಡು ಎಸೆಯುತ್ತಿದ್ದುದು ಬಲಗೈಯಲ್ಲಿ.

ಒಳಗೆ ಫೋನು ಹೊಡೆದುಕೊಳ್ಳುತ್ತದೆ. ಬ್ಲೇಡು ನಿಲ್ಲುತ್ತದೆ. ವರ್ಲೀನ್ ಏಳದೆ, ಪತ್ರಿಕೆಗೆ ಬರೆಯಲೆಂದು ಬಂದು ಕೂತ ನನ್ನ ಮುಖ ನೋಡುತ್ತಾರೆ. ಅವರದು ಮುದ್ರಣದ ಅಂಗಡಿ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಚರ್ಚಿನಲ್ಲಿ ಹಂಚುವ ಪುಸ್ತಿಕೆ, ಅದರ ಮೇಲೆ ಸತ್ತವರ ಒಳ್ಳೆಯ ಫೋಟೋ, ಒಳಗೆ ಅವರ ಜೀವನದ ಕಥೆ, ಮಕ್ಕಳು ಮೊಮ್ಮಕ್ಕಳ ಹೆಸರು, ಇವೇ ಅವರ ಅನ್ನ. ಈ ಹೊತ್ತಿಗೆ ಬರುವ ಫೋನು ಸಾಮಾನ್ಯವಾಗಿ ಒಂದೇ ಬಗೆಯದು. ನಾನೇ ಎದ್ದುಹೋಗಿ ಎತ್ತುತ್ತೇನೆ. ಚರ್ಚಿನ ಹಾಡುಗಾರ್ತಿಯೊಬ್ಬಳು ಭಾನುವಾರದ ಕೇಕಿಗೆ ಮೊಟ್ಟೆ ಸಾಲ ಕೇಳುತ್ತಿದ್ದಾಳೆ. ಬರೀ ಮೊಟ್ಟೆ ಎಂದು ನಾನು ಒಳಗಿನಿಂದಲೇ ಹೇಳಿದಾಗ ವರ್ಲೀನ್ ಕಣ್ಣು ಮುಚ್ಚಿ ಉಸಿರು ಬಿಡುತ್ತಾರೆ.

"ಹೆದರೋರ ಮೇಲೆ ಕಪ್ಪೆ ಎಸೆದ ಹಾಗಾಯ್ತು" ಎಂದು ಗೊಣಗಿ ಮತ್ತೆ ಬ್ಲೇಡು ಎತ್ತಿಕೊಳ್ಳುತ್ತಾರೆ.

ಬರ್ಮಿಂಗ್‌ಹ್ಯಾಮ್‌ನ ಪಶ್ಚಿಮಕ್ಕೆ, ಹಳೆಯ ಪೈಪ್ ಕಾರ್ಖಾನೆಯ ಹಿಂದಿನ ಓಣಿಗಳಲ್ಲಿ ವರ್ಲೀನ್ ಗೊತ್ತಿಲ್ಲದವರಿಲ್ಲ. ಆದರೆ ಅವರು ಏನು ಬರೆಯುತ್ತಾರೆಂದು ಗೊತ್ತಿರುವವರು ಕಮ್ಮಿ. ಅವರು ಬರೆಯುವುದು ಬೇಸ್‌ಬಾಲ್ ಕಾರ್ಡು. ಹಿಂದೆ ಚೂಯಿಂಗ್ ಗಮ್ ಜೊತೆ ಮಕ್ಕಳಿಗೆ ಸಿಗುತ್ತಿದ್ದಂಥ, ಮುಂದೆ ಆಟಗಾರನ ಬಣ್ಣದ ಚಿತ್ರ, ಹಿಂದೆ ಅವನ ಸಾಧನೆ ಇರುವ ಅಂಗೈಯಗಲದ ರಟ್ಟು. ವ್ಯತ್ಯಾಸವೆಂದರೆ ವರ್ಲೀನ್ ಬರೆಯುವ ಕಾರ್ಡುಗಳು ಎಂದೂ ಅಚ್ಚಾಗಿರಲಿಲ್ಲ. ವಾರವಿಡೀ ಕುಲುಮೆಯ ಮುಂದೆ ಬೆಂದು ಶನಿವಾರ ಕಾರ್ಖಾನೆಯ ತಂಡಕ್ಕೆ ಆಡುತ್ತಿದ್ದ ನಮ್ಮ ಕರಿಯ ಜನರ ಮುಖವನ್ನು ಯಾವ ಗಮ್ ಕಂಪನಿಯೂ ರಟ್ಟಿಗೆ ಹತ್ತಿಸಲಿಲ್ಲ. ಆ ವರ್ಷ, ಆ ಆಟಕ್ಕೆ ಬರಬೇಕಾಗಿದ್ದ ಕಾರ್ಡನ್ನು ವರ್ಲೀನ್ ಈಗ ಬರೆಯುತ್ತಾರೆ.

ಬರೆಯುವುದು ದೊಡ್ಡ ಹಾಳೆಯಲ್ಲಿ, ಅಂಗಡಿಯ ಯಂತ್ರದಲ್ಲಿ ಅದು ಚಿಕ್ಕದಾಗುತ್ತದೆ. ಹಳೆಯ ಷರ್ಟಿನ ಪೆಟ್ಟಿಗೆಗಳ ಬೂದು ರಟ್ಟನ್ನೇ ಹುಡುಕಿ ತರುತ್ತಾರೆ. ಅಚ್ಚು ಹಾಕುವಾಗ ಕೆಂಪು ಬಣ್ಣವನ್ನು ಬೇಕೆಂದೇ ಕೂದಲೆಳೆಯಷ್ಟು ಆಚೆ ಸರಿಸುತ್ತಾರೆ. ಆ ಕಾಲದ ಯಂತ್ರಗಳು ಹಾಗೇ ತಪ್ಪುತ್ತಿದ್ದವಂತೆ. ಹಿಂಬದಿಯ ಕೆಳಗೆ ಪುಟ್ಟ ಅಕ್ಷರದಲ್ಲಿ ಒಂದು ಸಾಲು ಎಲ್ಲ ಕಾರ್ಡಿನಲ್ಲೂ ಇರುತ್ತದೆ: 'ಈ ಕಾರ್ಡು ಎಂದೂ ಹೊರಬರಲಿಲ್ಲ. ಆಟ ಮಾತ್ರ ನಡೆದಿದೆ.' ಅಟ್ಲಾಂಟಾದ ವ್ಯಾಪಾರಿಯೊಬ್ಬ ಬಂದು ಆ ಸಾಲನ್ನು ಬಿಟ್ಟರೆ ಹಳೆಯದೆಂದೇ ಮಾರಬಹುದು ಎಂದಿದ್ದ. ಅವನಿಗೆ ಕಾಫಿ ಕುಡಿಸಿ, ಬಾಗಿಲು ತೋರಿಸಿ ಕಳಿಸಿದರಂತೆ.

ವರ್ಲೀನ್ ಬರೆಯುವುದು ಪಿಚರ್‌ಗಳನ್ನು ಮಾತ್ರ, ಮೈದಾನದ ನಡುವಿನ ದಿಬ್ಬದ ಮೇಲೆ ನಿಂತು ಚೆಂಡು ಎಸೆಯುವವರನ್ನು. ಬ್ಯಾಟು ಬೀಸುವವರು ಏನು ಪಾಪ ಮಾಡಿದ್ದಾರೆ ಎಂದು ನಾನು ರೇಗಿಸಿದೆ. ಅವರಿಗೆ ಅದು ತಮಾಷೆಯಾಗಿ ಕೇಳಲಿಲ್ಲ.

"ಬ್ಯಾಟಿನೋನು ಹೊಡೆದ್ರೆ ಊರಿಗೆಲ್ಲ ಸದ್ದು ಕೇಳುತ್ತೆ ಕಣೇ. ಪಿಚರ್ ಗೆದ್ದ ದಿನ ಏನೂ ನಡೆದೇ ಇಲ್ಲ ಅನ್ನೋ ಹಾಗಿರುತ್ತೆ. ಏನೂ ನಡೀದೇ ಇರೋ ಹಾಗೆ ನೋಡ್ಕೊಳ್ಳೋದೇ ಅವನ ಕೆಲ್ಸ. ಅದನ್ನ ಯಾರು ನೆನಪಿಟ್ಕೋತಾರೆ, ಹೇಳು?"

ಅವರ ಅಪ್ಪ ನಾಮಫಲಕ ಬರೆಯುವವರು. ಕ್ಷೌರದಂಗಡಿ, ಮೀನಂಗಡಿ, ಚರ್ಚು ಎಲ್ಲ ಕಡೆ ಅವರ ಅಕ್ಷರ ಇತ್ತು. ಮಗಳಿಗೆ ಕುಂಚ ಹಿಡಿಯಲು ಕಲಿಸಿದ್ದೂ ಅವರೇ, ಶನಿವಾರದ ಆಟಗಳ ಕಥೆ ಹೇಳಿದ್ದೂ ಅವರೇ. ಗಂಡ ಹೋದ ಮೇಲೆ ವರ್ಲೀನ್ ಅಂಗಡಿಯೊಂದನ್ನೇ ನಂಬಿಕೊಂಡು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದರು. ಈಗ ಅರವತ್ತು ದಾಟಿದೆ. ಒಂದು ಕಣ್ಣಿಗೆ ಪೊರೆ ಬಂದಿದೆ, ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿ ಎಂದರೆ ಕೇಳುವುದಿಲ್ಲ. ದೀಪದ ಬೆಳಕು ಹಳದಿಯ ವಿಷಯದಲ್ಲಿ ಸುಳ್ಳು ಹೇಳುತ್ತದೆ, ಅದಕ್ಕೇ ಬಣ್ಣದ ಕೆಲಸವೆಲ್ಲ ಅಂಗಡಿ ತೆರೆಯುವ ಮುಂಚೆ, ಈ ಬೆಳಗಿನ ಬೆಳಕಿನಲ್ಲೇ.

ಅವರ ಸಂಕಟ ಇರುವುದು ಬೇರೆ ಕಡೆ. ಇಲ್ಲಿಯವರೆಗೆ ಅವರು ಬರೆದ ಒಂದು ಕಾರ್ಡೂ ಅದರ ಪಿಚರ್‌ನ ಕೈ ಸೇರಿಲ್ಲ. ಯಾರೋ ಸಾಯುತ್ತಾರೆ, ಮನೆಯವರು ಪುಸ್ತಿಕೆಗೆಂದು ಫೋಟೋ ತರುತ್ತಾರೆ, ಫೋಟೋದಲ್ಲಿ ತಂಡದ ಅಂಗಿ ಕಾಣುತ್ತದೆ, ಆಗ ವರ್ಲೀನ್‌ಗೆ ಇವರೂ ಪಿಚರ್ ಎಂದು ಗೊತ್ತಾಗುತ್ತದೆ. ಕಾರ್ಡು ಹೋಗುವುದು ಶವಪೆಟ್ಟಿಗೆಯೊಳಗೆ, ಕೋಟಿನ ಮೇಲಿನ ಜೇಬಿಗೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವವಳು ನಾನು ಎಂದು ತಮ್ಮನ್ನು ತಾವೇ ಹಳಿದುಕೊಳ್ಳುತ್ತಾರೆ. ಒಬ್ಬರಾದರೂ ಬದುಕಿರುವಾಗ ತಮ್ಮ ಕಾರ್ಡನ್ನು ಹಿಡಿದು ನೋಡಬೇಕು, ಅದೊಂದೇ ಆಸೆ. ಆ ಕಾಲದ ಪಿಚರ್‌ಗಳಲ್ಲಿ ಉಳಿದಿರುವವರೂ ಒಬ್ಬರೇ. ಎಜೆಲ್ ಕ್ರೆನ್ಷಾ, ಎಂಬತ್ತೇಳು ವರ್ಷ, ಇಳಿಜಾರಿನ ಕೊನೆಯ ಹಸಿರು ಬಾಗಿಲಿನ ಮನೆ.

೧೯೫೬ರ ಬೇಸಿಗೆಯ ಒಂದು ಶನಿವಾರ ಎಜೆಲ್ ಪೈಪ್ ಕಾರ್ಖಾನೆಯ ಪರವಾಗಿ ಗಣಿ ಕಾರ್ಮಿಕರ ತಂಡದ ಎದುರು ದಿಬ್ಬ ಹತ್ತಿದರು. ಆಗ ಹತ್ತೊಂಬತ್ತು ವರ್ಷ. ಎದುರಿನ ಒಂಬತ್ತು ಮಂದಿ ಸರದಿಯ ಮೇಲೆ ಇಪ್ಪತ್ತೇಳು ಸಲ ಬ್ಯಾಟು ಹಿಡಿದು ಬಂದರು, ಇಪ್ಪತ್ತೇಳು ಸಲವೂ ಬಂದ ಹಾಗೇ ಹಿಂದಿರುಗಿದರು. ಹೊಡೆದವನು ಓಡಿ ಮುಟ್ಟಬೇಕಾದ ಮೊದಲ ಬೇಸನ್ನು ಒಬ್ಬನೂ ಮುಟ್ಟಲಿಲ್ಲ. ದೊಡ್ಡ ದೊಡ್ಡ ಪಿಚರ್‌ಗಳು ಜನ್ಮವಿಡೀ ಎಸೆದರೂ ಇಂಥದ್ದೊಂದು ಆಟ ಸಿಗುವುದಿಲ್ಲ. ಮಾರನೆಯ ದಿನದ ಪತ್ರಿಕೆಯಲ್ಲಿ ಒಂದು ಸಾಲೂ ಬರಲಿಲ್ಲ. ಸೋಮವಾರ ಎಜೆಲ್ ಕುಲುಮೆಗೆ ಹೋದರು.

ಆ ದಿನ ಅವರ ಚೆಂಡುಗಳನ್ನು ಹಿಡಿದ ಕ್ಯಾಚರ್ ಥ್ಯಾಡಿಯಸ್ ಬೂಕರ್ ಇನ್ನೂ ಗಟ್ಟಿಯಾಗಿದ್ದಾರೆ, ಬಾಯಂತೂ ಇನ್ನೂ ಗಟ್ಟಿ. ಪಿಚರ್ ಯಾರಿಗೂ ಹೊಡೆಯಗೊಡದೆ ಸಾಗುತ್ತಿದ್ದರೆ ಆ ಮಾತನ್ನು ಬೆಂಚಿನ ಮೇಲೆ ಯಾರೂ ಎತ್ತಕೂಡದು, ಎತ್ತಿದರೆ ಮುರಿಯುತ್ತದೆ. ಇದು ಎಲ್ಲ ತಂಡಗಳೂ ಪಾಲಿಸುವ ನೇಮ. ಅರ್ಧ ಆಟ ಕಳೆದ ಮೇಲೆ ಎಜೆಲ್ ಪಕ್ಕದಲ್ಲಿ ಯಾರೂ ಕೂರಲಿಲ್ಲ, ಅವನಿಗೆ ನೀರು ಕೊಡಲೂ ಹೆದರಿದೆವು ಎಂದು ಬೂಕರ್ ಹೇಳುತ್ತಾರೆ.

ಈಗ ಎಜೆಲ್ ಮನೆಯಲ್ಲೂ ಅದೇ ನೇಮ ನಡೆಯುತ್ತಿದೆ. ಊಟ ಸೇರುತ್ತಿಲ್ಲ, ಇನ್ನು ಮಾಡುವುದೇನಿಲ್ಲವೆಂದು ಆಸ್ಪತ್ರೆಯವರು ಮನೆಗೆ ಕಳಿಸಿದ್ದಾರೆ, ದಿನಾ ನರ್ಸೊಬ್ಬಳು ಬಂದು ಹೋಗುತ್ತಾಳೆ. ಅವಳನ್ನು ಮಗಳು ಅರ್ನೆಸ್ಟೀನ್ 'ನಮ್ಮ ನೆಂಟರ ಹುಡುಗಿ' ಅನ್ನುತ್ತಾರೆ. ಎರಡು ತಿಂಗಳ ಹಿಂದೆ ಅರ್ನೆಸ್ಟೀನ್ ಅಂಗಡಿಗೆ ಬಂದು ಅಪ್ಪನ ಹಳೆಯ ಫೋಟೋವನ್ನು ಮೇಜಿನ ಮೇಲಿಟ್ಟು, ಕಲೆ ತೆಗೆದು ಚೊಕ್ಕ ಮಾಡಿಕೊಡಿ, ಅವಸರವೇನಿಲ್ಲ ಎಂದರು. ಯಾತಕ್ಕೆಂದು ಅವರು ಹೇಳಲಿಲ್ಲ, ವರ್ಲೀನ್ ಕೇಳಲಿಲ್ಲ. ಅರ್ನೆಸ್ಟೀನ್ ಹೊರಟ ಮೇಲೆ ವರ್ಲೀನ್ ಬಾಗಿಲು ಹಾಕಿಕೊಂಡು ಅತ್ತರು. ಮಾರನೆಯ ಬೆಳಗ್ಗೆ ಅದೇ ಫೋಟೋ ಮುಂದಿಟ್ಟುಕೊಂಡು ಕಾರ್ಡು ಶುರು ಮಾಡಿದರು. ಆ ಫೋಟೋ ಪುಸ್ತಿಕೆಗೆ ಹೋಗುವ ಮುಂಚೆ ಕಾರ್ಡು ಎಜೆಲ್ ಕೈ ಸೇರಬೇಕು ಎಂಬುದೇ ಅಂದಿನಿಂದ ಅವರ ಪಂದ್ಯ.

ಫೋಟೋದಲ್ಲಿ ಎಜೆಲ್ ಬಲಗೈಗೆ ಗ್ಲೌಸು ತೊಟ್ಟು ನಿಂತಿದ್ದಾರೆ. ಗ್ಲೌಸು ಇರುವುದು ಚೆಂಡು ಹಿಡಿಯುವ ಕೈಯಲ್ಲಿ, ಅಂದ ಮೇಲೆ ಎಸೆಯುವುದು ಎಡಗೈ. ವರ್ಲೀನ್ ಆಟ ನಡೆದಾಗ ಹುಟ್ಟಿರಲಿಲ್ಲ. ಪಾರ್ಶ್ವವಾಯು ಹೊಡೆದು ಬಲಗೈ ಸೋತ ಮೇಲೆ ಎಜೆಲ್ ಚರ್ಚಿನಲ್ಲಿ ಎಲ್ಲರ ಕೈ ಕುಲುಕುವುದೂ ಎಡಗೈಯಿಂದಲೇ. ಅನುಮಾನಕ್ಕೆ ಜಾಗವೇ ಇರಲಿಲ್ಲ. ಕಾರ್ಡಿನ ವಿಷಯ ಎಜೆಲ್‌ಗೆ ಗೊತ್ತಾಗಬಾರದೆಂದು ವರ್ಲೀನ್ ಯಾರನ್ನೂ ಕೇಳಲಿಲ್ಲ. ಬೂಕರ್ ಡೆಟ್ರಾಯಿಟ್‌ನಲ್ಲಿ ಮಗಳ ಮನೆಗೆ ಹೋಗಿದ್ದರು.

ಹೋದ ವಾರ ಅವರು ಊರಿಗೆ ಬಂದವರು ಅಂಗಡಿಗೆ ಕಾಲಿಟ್ಟರು. ವರ್ಲೀನ್ ಹೆಮ್ಮೆಯಿಂದ ಚಿತ್ರ ತೋರಿಸಿದರು. ಬೂಕರ್ ಮೊದಲು ನಕ್ಕರು, ನಗುತ್ತಾ ಕುರ್ಚಿ ಹಿಡಿದುಕೊಂಡು ಕೂತರು, ಆಮೇಲೆ ತಮ್ಮ ಸೊಟ್ಟ ಬೆರಳುಗಳನ್ನು ಮೇಜಿನ ಮೇಲೆ ಹರಡಿದರು.

"ನೋಡಮ್ಮ, ಈ ಮೂರು ಬೆರಳು ಮುರಿದಿದ್ದು ಅವನ ಬಲಗೈ. ಎಡಗೈಲಿ ಅವ್ನು ಕಲ್ಲು ಎಸೆದ್ರೆ ನಾಯಿ ಕೂಡ ಏಳ್ತಿರ್ಲಿಲ್ಲ. ಫೋಟೋದವ್ನು ಬಂದ ಅಂದ್ರೆ ಸಾಕು, ಎಸೆಯೋ ಕೈನ ಗ್ಲೌಸೊಳಗೆ ತುರುಕಿಬಿಡ್ತಿದ್ದ, ಬೋಳಿಮಗ. ಫೋಟೋದಲ್ಲಿ ಸಿಕ್ಕಿಬಿದ್ದ ತೋಳು ಸತ್ತೋಗುತ್ತಂತೆ."

ಬೆಸ್ಸೆಮರ್ ಕಡೆಯ ಪಿಚರ್ ಒಬ್ಬನ ತೋಳಿನ ಚಿತ್ರ ಪತ್ರಿಕೆಯಲ್ಲಿ ಬಂದ ವಾರವೇ ಅವನ ಭುಜ ಕಳಚಿತ್ತಂತೆ. ಅಂದಿನಿಂದ ಎಜೆಲ್ ತಮ್ಮ ಬಲಗೈಯನ್ನು ಯಾವ ಕ್ಯಾಮೆರಾಕ್ಕೂ ಕೊಡಲಿಲ್ಲ, ಮದುವೆಯ ಫೋಟೋದಲ್ಲೂ ಅದು ಕೋಟಿನ ಜೇಬಿನಲ್ಲಿದೆ.

ಚಿತ್ರವನ್ನು ಕನ್ನಡಿಯಲ್ಲಿಟ್ಟಂತೆ ತಿರುಗಿಸಿದರೆ ಮುಗಿಯಿತಲ್ಲ ಎಂದು ನಾನು ಜಾಣತನ ತೋರಿಸಿದೆ. ತಿರುಗಿಸಿದರೆ ಹುಬ್ಬಿನ ಮೇಲಿನ ಸುಟ್ಟ ಗಾಯ ಆಚೆ ಹೋಗುತ್ತದೆ, ಟೋಪಿಯ ವಾಲು ಬದಲಾಗುತ್ತದೆ, ಅವರು ಅವರಾಗಿ ಉಳಿಯುವುದಿಲ್ಲ ಎಂದರು ವರ್ಲೀನ್. ಅದಕ್ಕಿಂತ ದೊಡ್ಡ ತೊಡಕು, ಆ ಕೈ ಚೆಂಡನ್ನು ಹಿಡಿಯುತ್ತಿದ್ದುದು ಹೇಗೆ ಎಂಬುದು. ಎಜೆಲ್ ಹಿಡಿತವೇ ಅವರ ಗುಟ್ಟು. ಎಸೆಯುವ ಗಳಿಗೆಯವರೆಗೂ ಅದು ಗ್ಲೌಸಿನೊಳಗೇ ಇರುತ್ತಿತ್ತು, ಬೂಕರ್‌ಗೂ ಗೊತ್ತಿಲ್ಲ. ಗೊತ್ತಿರುವವರು ಒಬ್ಬರೇ, ಅವರನ್ನೇ ಕೇಳಬೇಕು. ಜನ್ಮವೆಲ್ಲ ಮುಚ್ಚಿಟ್ಟದ್ದನ್ನು ಇಂಥ ಹೊತ್ತಿನಲ್ಲಿ ತೋರಿಸಿ ಎಂದು ಯಾವ ಬಾಯಲ್ಲಿ ಕೇಳುವುದು ಎಂದು ಮೂರು ದಿನ ಒದ್ದಾಡಿದ ವರ್ಲೀನ್ ಇವತ್ತು ಹೋಗುವುದೆಂದು ತೀರ್ಮಾನಿಸಿದ್ದಾರೆ. ಎಡಗೈಯನ್ನೂ ಬಲಗೈಯ ಗ್ಲೌಸನ್ನೂ ಕೆರೆದು ಮುಗಿದಿದೆ. ಚಿತ್ರದ ಎಜೆಲ್ ಈಗ ತೋಳೇ ಇಲ್ಲದೆ ದಿಬ್ಬದ ಮೇಲೆ ನಿಂತಿದ್ದಾರೆ.

ಹಸಿರು ಬಾಗಿಲಿನ ಮನೆಯಲ್ಲಿ ಎಜೆಲ್ ಕಿಟಕಿಯ ಪಕ್ಕದ ಮಂಚದ ಮೇಲೆ ದಿಂಬಿಗೊರಗಿದ್ದಾರೆ. ಬಲಗೈ ಹೊದಿಕೆಯೊಳಗಿದೆ. ವರ್ಲೀನ್ ಹವೆಯ ಬಗ್ಗೆ ಮಾತಾಡುತ್ತಾರೆ, ಚರ್ಚಿನ ಸೂರಿನ ಬಗ್ಗೆ ಮಾತಾಡುತ್ತಾರೆ, ವಿಷಯಕ್ಕೆ ಬರಲು ಅವರಿಂದಾಗುವುದಿಲ್ಲ. ಎಜೆಲ್ ಅಷ್ಟೂ ಕೇಳಿಸಿಕೊಂಡು ಮೆಲ್ಲಗೆ ನಗುತ್ತಾರೆ.

"ನನ್ನ ಎಡಚ ಮಾಡಿದ್ಯಂತೆ? ಬೂಕರ್ ಫೋನ್ ಮಾಡಿ ಒಂದು ಗಂಟೆ ನಕ್ಕ."

ವರ್ಲೀನ್ ಮುಖ ಮುಚ್ಚಿಕೊಳ್ಳುತ್ತಾರೆ. ಆಮೇಲೆ ಎಲ್ಲವನ್ನೂ ಹೇಳುತ್ತಾರೆ, ಫೋಟೋ ಬೇಡ, ಬರೀ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿಕೊಳ್ಳುತ್ತೇನೆ, ಬೇಡವೆಂದರೆ ಗ್ಲೌಸಿನೊಳಗೇ ಇಟ್ಟು ಬರೆಯುತ್ತೇನೆ ಎಂದೂ ಸೇರಿಸುತ್ತಾರೆ. ಎಜೆಲ್ ನನ್ನ ಜೊತೆ ಬಂದ ಪತ್ರಿಕೆಯ ಛಾಯಾಗ್ರಾಹಕನಿಗೆ ಹೊರಗೆ ಹೋಗಲು ಕಣ್ಣಲ್ಲೇ ಹೇಳುತ್ತಾರೆ. ಅವನು ಹೋಗುತ್ತಾನೆ. ಈ ಪುಟದಲ್ಲಿ ಅವರ ಮುಖ ಮಾತ್ರ ಇರುವುದು ಅದಕ್ಕೇ.

ಮನೆಯಲ್ಲಿ ಚೆಂಡಿಲ್ಲ. ಅರ್ನೆಸ್ಟೀನ್ ಅಡುಗೆಮನೆಯಿಂದ ಒಂದು ಪೀಚ್ ಹಣ್ಣು ತಂದುಕೊಡುತ್ತಾರೆ. ಎಜೆಲ್ ಹೊದಿಕೆ ಸರಿಸಿ ಬಲಗೈಯನ್ನು ಹೊರಗೆ ತೆಗೆಯುತ್ತಾರೆ. ಅದು ತಾನಾಗಿ ಮುಚ್ಚುವುದಿಲ್ಲ. ಎಡಗೈಯಿಂದ ಬಲಗೈಯ ಒಂದೊಂದೇ ಬೆರಳನ್ನು ಎತ್ತಿ ಹಣ್ಣಿನ ಮೇಲೆ ಕೂರಿಸುತ್ತಾರೆ. ಒಂದು ಜಾರುತ್ತದೆ, ಮತ್ತೆ ಕೂರಿಸುತ್ತಾರೆ. ಎಲ್ಲಿ ಯಾವ ಬೆರಳೆಂದು ನಾನು ಬರೆಯುವುದಿಲ್ಲ, ಮಾತು ಕೊಟ್ಟಿದ್ದೇನೆ. ಅರ್ನೆಸ್ಟೀನ್ ಗೋಡೆಯ ಕಡೆ ತಿರುಗಿ ನಿಂತಿದ್ದಾರೆ. ವರ್ಲೀನ್ ಅವಸರ ಅವಸರವಾಗಿ ಗೆರೆ ಎಳೆಯುತ್ತಿದ್ದಾರೆ.

"ನಿಧಾನಕ್ಕೆ ಬರ್ಕೋ ಮಗಳೇ" ಎನ್ನುತ್ತಾರೆ ಎಜೆಲ್. "ಇನ್ನು ಇದನ್ನ ಬಚ್ಚಿಟ್ಕೊಂಡು ಏನ್ ಮಾಡ್ಲಿ."

ಆ ಮಾತು ವರ್ಲೀನ್‌ಗೆ ಬಡಿದದ್ದು ನನಗೆ ತಿಳಿದದ್ದು ಕಾರಿನಲ್ಲಿ. ಕೇಳಿದ್ದು ಸಿಕ್ಕಿತಲ್ಲ, ಖುಷಿಪಡಿ ಎಂದರೆ ಅವರು ತಲೆ ಅಲ್ಲಾಡಿಸುತ್ತಾರೆ.

"ಬೇಡ ಅಂದಿದ್ರೆ ಚೆನ್ನಾಗಿತ್ತು. ಎಪ್ಪತ್ತು ವರ್ಷ ಯಾರಿಗೂ ಕೊಡದ್ದನ್ನ ಬಿಟ್ಟುಕೊಟ್ಬಿಟ್ರಲ್ಲ. ನಾನು ಕಾರ್ಡು ಮಾಡೋಕೆ ಹೋಗಿ ಅವ್ರ ಬದುಕೋ ಆಸೆನೇ ಕಿತ್ಕೊಂಡು ಬಂದ್ನಾ?"

ಈ ಮೂಢನಂಬಿಕೆಗೆಲ್ಲ ನಾನು ನಗುವವಳು. ಅಂದು ನಗು ಬರಲಿಲ್ಲ.

ಮುಂದಿನ ಬೆಳಗುಗಳಲ್ಲಿ ವರ್ಲೀನ್ ಜಗಲಿಯಲ್ಲಿ ಕೂತು, ಎಡಗೈಗೆ ಗ್ಲೌಸು ತೊಡಿಸಿ ಬಲಗೈ ಬರೆಯುತ್ತಾರೆ. ಮುದುಕನ ಬೆರಳುಗಳನ್ನು ನೋಡಿ ಹತ್ತೊಂಬತ್ತರ ಹುಡುಗನ ಬೆರಳು ಬರೆಯಬೇಕು, ಹಿಡಿತ ಮಾತ್ರ ಅದೇ ಇರಬೇಕು. ಎರಡು ಸಲ ಅಳಿಸುತ್ತಾರೆ. ಫೋನು ಹೊಡೆದಾಗಲೆಲ್ಲ ಕುಂಚ ಗಾಳಿಯಲ್ಲಿ ನಿಲ್ಲುತ್ತದೆ. ಒಂದು ಬೆಳಗ್ಗೆ ನಿಜವಾಗಿಯೂ ಸಾವಿನ ಫೋನೇ ಬರುತ್ತದೆ, ಆದರೆ ಅದು ಬೇರೆ ಮನೆಯದು. ಅಬ್ಬಾ ಎಂದವರೇ ತಪ್ಪಾಯಿತೆಂದು ಕೈ ಮುಗಿದು, ಸತ್ತವರಿಗಾಗಿ ಅಲ್ಲೇ ಒಂದು ಪ್ರಾರ್ಥನೆ ಹೇಳುತ್ತಾರೆ. ಯಾವಾಗಲೂ ಮನೆಯವರಿಗೆಂದು ನಾಲ್ಕಾರು ಪ್ರತಿ ತೆಗೆಯುವವರು ಈ ಸಲ ಒಂದೇ ಕಾರ್ಡು ಅಚ್ಚು ಹಾಕುತ್ತಾರೆ. ಆಮೇಲೆ ಅಚ್ಚನ್ನೂ, ಪೆನ್ಸಿಲ್ಲಿನ ಗೆರೆಗಳನ್ನೂ, ಬರೆದ ದೊಡ್ಡ ಹಾಳೆಯನ್ನೂ ನಾಶ ಮಾಡುತ್ತಾರೆ.

ಬುಧವಾರ ನಾವು ಹೋದಾಗ ಎಜೆಲ್ ನಿದ್ದೆಯಲ್ಲಿದ್ದಾರೆ. ನೆಂಟರ ಹುಡುಗಿ ಅನ್ನಿಸಿಕೊಳ್ಳುವ ನರ್ಸು ನಾಡಿ ನೋಡಿ ಹೊರಗೆ ಹೋಗುತ್ತಾಳೆ. ಬೂಕರ್ ಆಗಲೇ ಬಂದು ಕೂತಿದ್ದಾರೆ, ಅಪರೂಪಕ್ಕೆ ಬಾಯಿ ಮುಚ್ಚಿಕೊಂಡು. ವರ್ಲೀನ್ ಕೂರುವುದಿಲ್ಲ. ಕಾರ್ಡಿನ ಲಕೋಟೆಯನ್ನು ಎದೆಗೆ ಒತ್ತಿಕೊಂಡು ಎಜೆಲ್ ಹೊದಿಕೆ ಏರಿಳಿಯುವುದನ್ನೇ ನೋಡುತ್ತಿದ್ದಾರೆ. ತಡವಾಯಿತು, ತಡಮಾಡಿಬಿಟ್ಟೆ ಎಂದು ನನ್ನ ಕಿವಿಯಲ್ಲಿ ಹೇಳುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಎಜೆಲ್ ಕಣ್ಣು ಬಿಡುತ್ತಾರೆ. ಅರ್ನೆಸ್ಟೀನ್ ಅವರಿಗೆ ಕನ್ನಡಕ ತೊಡಿಸಿ, ಕಾರ್ಡನ್ನು ಎಡಗೈಗೆ ಕೊಡುತ್ತಾರೆ. ಎಜೆಲ್ ಅದನ್ನು ಹತ್ತಿರ ಹಿಡಿಯುತ್ತಾರೆ, ದೂರ ಹಿಡಿಯುತ್ತಾರೆ. ಟೋಪಿ ಸರಿಯಾಗಿದೆ ಎನ್ನುತ್ತಾರೆ. ಗಾಯದ ಗುರುತು ನೋಡಿ ಕುಲುಮೆಯ ಯಾವುದೋ ಮಾತು ನೆನೆಯುತ್ತಾರೆ. ಹಿಂಬದಿಯನ್ನು ಮಗಳು ಓದಿ ಹೇಳುತ್ತಾರೆ, ಇಪ್ಪತ್ತೇಳು ಸಲದ ಮಾತು ಬಂದಾಗ ತುಟಿ ಅಲುಗುತ್ತದೆ. ಕೈಯ ಬಗ್ಗೆ ಮಾತ್ರ ಒಂದು ಮಾತೂ ಇಲ್ಲ. ಆ ಹೊತ್ತಿಗೆ ಬಾಗಿಲ ಬಳಿ ನಿಂತ ವರ್ಲೀನ್‌ಗೆ ಕಾರ್ಡನ್ನು ಕಿತ್ತುಕೊಂಡು ಓಡಿಹೋಗಬೇಕು ಅನ್ನಿಸಿತಂತೆ.

ಆಗ ಬೂಕರ್ ನೋಡಲೆಂದು ಮಂಚದ ಕಡೆ ಬಗ್ಗುತ್ತಾರೆ. ಎಜೆಲ್ ಕಾರ್ಡನ್ನು ಅವರ ಕಡೆ ತಿರುಗಿಸಿ ಹಿಡಿಯುತ್ತಾರೆ. ಮುಖ ಕಾಣುತ್ತದೆ, ಅಂಗಿಯ ಮೇಲಿನ ಅಕ್ಷರ ಕಾಣುತ್ತದೆ, ದಿಬ್ಬ ಕಾಣುತ್ತದೆ. ಬರೆದ ಕೈಯ ಮೇಲೆ, ಅಷ್ಟು ಜಾಗವನ್ನು ಮಾತ್ರ ಮುಚ್ಚಿ, ಎಜೆಲ್ ಹೆಬ್ಬೆರಳು ಕೂತಿದೆ.

"ಬೆರಳು ತೆಗಿಯೋ, ನೋಡ್ತೀನಿ" ಎನ್ನುತ್ತಾರೆ ಬೂಕರ್.

"ನಿಂಗ್ಯಾಕೆ ತೋರಿಸ್ಲಿ? ಶನಿವಾರ ಆಟ ಇದೆ."

ಬೂಕರ್ ಅವರನ್ನು ಬೈಯುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ. ಪಾದ್ರಿ ಬಂದಾಗಲೂ, ಪಕ್ಕದ ಮನೆಯವರು ಬಂದಾಗಲೂ ಎಜೆಲ್ ಕಾರ್ಡು ತೋರಿಸಿದರು. ಹೆಬ್ಬೆರಳು ಜಾಗ ಬಿಟ್ಟು ಕದಲಲಿಲ್ಲ.

ಮೆಟ್ಟಿಲಿಳಿದ ವರ್ಲೀನ್ ರಸ್ತೆಯಂಚಿನಲ್ಲಿ ನಿಂತು ಮೂಗು ಒರೆಸಿಕೊಳ್ಳುತ್ತಾರೆ. ಅಂಗಡಿ ತೆರೆಯುವ ಹೊತ್ತು ಮೀರಿದೆ, ಬೇರೆ ಮನೆಯ ಪುಸ್ತಿಕೆ ಸಂಜೆಯೊಳಗೆ ಆಗಬೇಕು. ಪತ್ರಿಕೆಗೆ ಏನಾದರೂ ಹೇಳಿ ಎಂದು ಕೇಳುತ್ತೇನೆ. ಏನಿದೆ ಹೇಳುವುದಕ್ಕೆ ಎಂದು ಕಾರಿನ ಬಾಗಿಲು ತೆರೆದವರು, ನನ್ನ ಕಡೆ ತಿರುಗುತ್ತಾರೆ.

"ಇಷ್ಟು ವರ್ಷ ಬರ್ದಿದೀನಿ, ಎಲ್ರೂ ಚೆನ್ನಾಗಿದೆ ಅಂದಿದಾರೆ ಕಣೇ. ನಿಜವಾದ ಕೈಯೇ ಅಂತ ಹೆದರಿ ಮುಚ್ಚಿಟ್ಕೊಂಡೋರು ಇವ್ರೊಬ್ರೇ."